ಕಣ್ಣು ಮುಚ್ಚಿದ್ದರೆ ಪ್ರಾರ್ಥನೆ ಅಂದುಕೊಂಡಿದ್ದೆ

ನಾನು ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಬೆಟಗೇರಿಯಿಂದ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬರುತ್ತಿದ್ದ ಅಕ್ಕೋರೊಬ್ಬರ ಕಥೆ ಇದು. ನಿವೃತ್ತ ಶಿಕ್ಷಕಿ, ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರಾದ ಮನೆತನ. ಫಿಸ್ಟುಲಾಕ್ಕೆ, ಅಂದರೆ ಡಯಾಲಿಸಿಸ್‌ಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳಕ್ಕೆ, ಸೂಜಿ ಹಾಕುವಾಗ ಗೋಡೆ ಕಡೆ ಮುಖ ತಿರುಗಿಸಿ ಬೈಬಲ್ಲಿನ 23ನೇ ಕೀರ್ತನೆ ಶುರು ಮಾಡೋರು. ಆರೇ ವಚನ. ಎರಡೂ ಸೂಜಿ ಹಾಕಿ ಟೇಪ್ ಅಂಟಿಸುವಷ್ಟರಲ್ಲಿ ಮುಗಿಯುತ್ತಿತ್ತು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು, ನಮ್ಮ ಮನೆದೇವರು ಬೇರೆಯಾದರೂ.

ಒಂದು ದಿನ ಮದುವೆ ಊಟ ಮುಗಿಸಿ ಮೂರೂವರೆ ಕೆಜಿ ತೂಕ ಏರಿಸಿಕೊಂಡು ಬಂದಿದ್ದರು. ಕಿಡ್ನಿ ಹೊರಹಾಕದೆ ಮೈಯಲ್ಲಿ ಉಳಿದ ಅಷ್ಟೂ ನೀರು ನಾಲ್ಕು ತಾಸಿನಲ್ಲಿ ತೆಗೆಯಬೇಕು. ಮೂರನೇ ತಾಸಿಗೆ ಕಣ್ಣು ಮುಚ್ಚಿದ್ದರು. ಪ್ರಾರ್ಥನೆ ಅಂದುಕೊಂಡು ನಾನು ಅರ್ಧ ತಾಸಿನ ಬಿಪಿ ನೋಡದೇ ಬಿಟ್ಟೆ. ಮಷೀನೂ ಕೂಗಲಿಲ್ಲ, ಅದು ಕಾಯುವುದು ಪೈಪಿನೊಳಗಿನ ಒತ್ತಡವನ್ನು, ಮನುಷ್ಯರ ಬಿಪಿಗೆ ತೋಳಿಗೆ ಕಫ್ ಎಂಬ ಪಟ್ಟಿ ಬೇರೆ ಕಟ್ಟಬೇಕು. ಹಣೆಯ ಮೇಲೆ ಬೆವರು ಕಂಡು ಓಡಿದೆ. 76ಕ್ಕೆ 40. ನೀರು ತೆಗೆಯುವುದು ನಿಲ್ಲಿಸಿ, ಮಂಚದ ಕಾಲ್ದೆಸೆ ಎತ್ತಿ, ಸಲೈನ್ ಬಿಟ್ಟೆ. ಕಣ್ಣು ತೆರೆದರು.

"ಪ್ರಾರ್ಥನಾ ಮಾಡಾಕತ್ತೀರಿ ಅಂತ ಎಬ್ಬಿಸಲಿಲ್ರಿ ಅಕ್ಕೋರ."

"ಎಬ್ಬಿಸಬೇಕಿತ್ತಪಾ. ದೇವರೇನ ಸಿಟ್ಟಾಗತಿದ್ದಿಲ್ಲ."

ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತು. ಅವತ್ತಿನಿಂದ ನಮ್ಮಿಬ್ಬರ ಒಪ್ಪಂದ: ಅವರು ಕೀರ್ತನೆಯನ್ನು ನನಗೆ ಕೇಳುವಂತೆ ಹೇಳಬೇಕು. ಒಮ್ಮೆ ನಡುವಿನ ಮಾತು ಬಿಟ್ಟು ಹಸುರು ಹುಲ್ಲಿನ ಸಾಲಿನಿಂದ ನೆಟ್ಟಗೆ ಕತ್ತಲ ಕಣಿವೆಯ ಸಾಲಿಗೆ ಹಾರಿದರು. ಕಫ್ ಕಟ್ಟಿದೆ, ಬಿಪಿ ಇಳಿಯುತ್ತಿತ್ತು. ಹೊಸ ಹುಡುಗರಿಗೆ ಈಗ ನಾನು ಮೊದಲ ದಿನವೇ ಹೇಳುವುದು ಇದನ್ನೇ: ಕಣ್ಣು ಮುಚ್ಚಿದವರ ಕೈ ಮುಟ್ಟಿ ಮಾತಾಡಿಸಿ, ಜಪವಿರಲಿ ನಿದ್ದೆಯಿರಲಿ.

ಹೃದಯ ದುರ್ಬಲ, ಕಿಡ್ನಿ ಕಸಿ ಸಾಧ್ಯವಿಲ್ಲ ಅಂತ ಡಾಕ್ಟರು ಹೇಳಿದ ವಾರ ಅಕ್ಕೋರು ಬೇರೇನೋ ಹೇಳತೊಡಗಿದರು. ಕೊರಗು, ದೂರು, ಗೋರಿಯ ಮಾತು. ಕತ್ತಲೆ ಎಂಬಲ್ಲಿಗೆ ಬಂದು ನಿಂತೇಬಿಟ್ಟರು. ನಾನು ಗಾಬರಿಯಾಗಿ ಕಫ್ ಊದಿಸಿದೆ. 130ಕ್ಕೆ 80.

"ಮುಂದಿಂದು ಮರತ್ರೇನ್ರಿ?"

"ಇಲ್ಲೋ. 88ನೇ ಕೀರ್ತನಿ. ಅದು ಅಲ್ಲಿಗೇ ಮುಗೀತೈತಿ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು: "ಯಾಕ ನನ್ನ ಕೈಬಿಟ್ಟಿ ಅಂತ ಯೇಸುಸ್ವಾಮೀನೂ ಶಿಲುಬಿ ಮ್ಯಾಲೆ ಕೇಳ್ಯಾನ. ಅದೂ ಕೀರ್ತನಿ ಮಾತಽ, 22ನೇದ್ದು. ನಾ ಕೇಳಿದ್ರ ತಪ್ಪೇನ? ಹಿಂಗ ಕೇಳಾಕ ಜಾಗಾ ಐತೆಲ್ಲ, ಅಷ್ಟಕ್ಕಽ ನನಗ ಸಮಾಧಾನ."

ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ ಹತ್ತು ನಿಮಿಷ ಹತ್ತಿ ಒತ್ತಿ ಹಿಡಿಯಬೇಕು. "ಎಲ್ಲಾ ಛಲೋ ಆಗತೈತ್ರಿ" ಅಂತ ನಾನು ಎಲ್ಲರಿಗೂ ಹೇಳುತ್ತಿದ್ದದ್ದು ಆ ಹತ್ತು ನಿಮಿಷದಲ್ಲೇ. ಅವತ್ತು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನೆ ಒತ್ತಿ ಹಿಡಿದೆ. ಅಕ್ಕೋರು ಗಡಿಯಾರ ನೋಡಿ, "ಐದೂವರಿ ಬಸ್ ಸಿಗತೈತೇನೋ?" ಅಂತ ಕೇಳಿದರು.