ಕೈರೋನಿಯಾಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ

ಅಥೆನ್ಸ್‌ನಿಂದ ಡೆಲ್ಫಿಗೆ ಹೋಗುವವರು ಲಿವಾಡಿಯಾ ಊರನ್ನು ದಾಟಿಯೇ ಹೋಗುತ್ತಾರೆ. ಅಲ್ಲಿಂದ ಸುಮಾರು 13 ಕಿ.ಮೀ. ಪಕ್ಕಕ್ಕೆ ಹೋದರೆ ಕೈರೋನಿಯಾ, ಗ್ರೀಸ್‌ನ ಹಳೆಯ ಯುದ್ಧವೊಂದು ನಡೆದ ಊರು. ದಯವಿಟ್ಟು ಇದಕ್ಕೊಂದು ಅರ್ಧ ದಿನ ಇಟ್ಟುಕೊಳ್ಳಿ.

ನಾವು ಲಿವಾಡಿಯಾವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದೆವು. ವಾಪಸ್ ಕರೆದುಕೊಂಡು ಬರುವ ಮಾತನ್ನೂ ಮೊದಲೇ ಆಡಿಕೊಳ್ಳಿ, ಹಳ್ಳಿಯಲ್ಲಿ ನಿಂತು ಟ್ಯಾಕ್ಸಿ ಹುಡುಕುವುದು ಕಷ್ಟ. ಊರಿನ ಹೆಸರನ್ನು ಅಲ್ಲಿಯವರು 'ಹೆರೋನಿಯಾ' ಅನ್ನುತ್ತಾರೆ. ಹಾಗೇ ಕೇಳಿ.

ಮೊದಲ ದಿನ ನಾವು ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದು ಮ್ಯೂಸಿಯಂ ಮುಚ್ಚಿತ್ತು. ಜುಲೈ ಬಿಸಿಲು ಬೇರೆ. ಲಿವಾಡಿಯಾದಲ್ಲೇ ಉಳಿದು ಮರುದಿನ ಬೆಳಿಗ್ಗೆ ಮತ್ತೆ ಹೋದೆವು.

ಎರಡನೇ ಸಲ ಮೊದಲು ಹತ್ತಿದ್ದು ಗುಡ್ಡದ ಬುಡದ ರಂಗಮಂದಿರ. ಬಂಡೆಯನ್ನೇ ಕೊರೆದು ಮಾಡಿದ ಮೆಟ್ಟಿಲುಗಳು. ನೀವೂ ಇಲ್ಲಿಂದಲೇ ಶುರು ಮಾಡಿ. ಯಾಕೆಂದರೆ ಯುದ್ಧ ನಡೆದ ಬಯಲಲ್ಲಿ ಈಗ ಹೊಲಗಳು ಬಿಟ್ಟರೆ ಏನೂ ಕಾಣುವುದಿಲ್ಲ, ಮೇಲಿನಿಂದ ನೋಡಿದರೆ ಎಲ್ಲ ಅರ್ಥವಾಗುತ್ತದೆ. ಕ್ರಿ.ಪೂ. 338ರಲ್ಲಿ ಅಥೆನ್ಸ್‌ನವರು ಈ ಗುಡ್ಡದ ಕಡೆ ನಿಂತಿದ್ದರು. ಅವರ ಜೊತೆ ಸೇರಿದ್ದ ಥೀಬ್ಸ್ ನಗರದವರು ಆ ತುದಿಯಲ್ಲಿ, ಕೆಫಿಸೋಸ್ ನದಿಯ ಕಡೆ. ಎದುರಿಗೆ ಉತ್ತರದ ಮೆಸಿಡೋನಿಯಾ ರಾಜ್ಯದ ರಾಜ ಫಿಲಿಪ್. ಥೀಬ್ಸ್‌ನವರ ಎದುರು ಅವನ ಮಗ ಅಲೆಕ್ಸಾಂಡರ್, ಆಗಿನ್ನೂ 18 ವರ್ಷ. ಗೆದ್ದವನು ಫಿಲಿಪ್. ಆಮೇಲೆ ಗ್ರೀಕ್ ನಗರಗಳು ಅವನ ಮಾತು ಕೇಳಬೇಕಾಯಿತು.

ಥೀಬ್ಸ್‌ನ 'ಪವಿತ್ರ ದಳ' ಅನ್ನುವ 300 ಜನರ ಪಡೆ ಇಲ್ಲೇ ನಾಶವಾಯಿತು. ರಸ್ತೆ ಪಕ್ಕ ಕೂತಿರುವ ಕಲ್ಲಿನ ಸಿಂಹ ಅವರ ನೆನಪಿಗೇ ಅಂತ ಹೆಚ್ಚಿನವರು ನಂಬುತ್ತಾರೆ. ಅದರ ಎತ್ತರ ಸುಮಾರು 5.5 ಮೀಟರ್. ಒಡೆದು ಚೂರಾಗಿ ಬಿದ್ದಿದ್ದನ್ನು 1902ರಲ್ಲಿ ಜೋಡಿಸಿ ನಿಲ್ಲಿಸಿದರು. ಹತ್ತಿರ ಹೋದರೆ ಕಲ್ಲುಗಳ ಬೆಸುಗೆ ಕಾಣುತ್ತದೆ. ಬಾಯಿ ಅರ್ಧ ತೆರೆದು, ಮುಂಗಾಲು ಊರಿ ಕೂತಿದೆ. ಅದರ ಆವರಣದಲ್ಲಿ ಅಗೆದಾಗ 254 ಅಸ್ಥಿಪಂಜರಗಳು ಸಿಕ್ಕವು, ಸಾಲುಸಾಲಾಗಿ ಮಲಗಿಸಿದ ಹಾಗೆ. ಇದು ಗೊತ್ತಿದ್ದು ಸಿಂಹದ ಮುಂದೆ ನಿಂತಾಗ ನಮ್ಮ ಮಾತೇ ನಿಂತುಹೋಯಿತು. ಸುಮ್ನೆ ಫೋಟೋ ತೆಗೆದುಕೊಂಡು ಹೊರಡಬೇಡಿ.

ಮ್ಯೂಸಿಯಂ ಪಕ್ಕದಲ್ಲೇ ಇದೆ, ಚಿಕ್ಕದು. ತೆರೆಯುವ ದಿನ, ಸಮಯ ನೋಡಿಕೊಂಡೇ ಹೊರಡಿ.

ಅಲೆಕ್ಸಾಂಡರನ ಜೀವನಚರಿತ್ರೆ ಬರೆದ ಹಳೆಯ ಗ್ರೀಕ್ ಲೇಖಕ ಪ್ಲೂಟಾರ್ಕ್ ಹುಟ್ಟಿದ್ದೂ ಇದೇ ಊರಲ್ಲಿ. ತನ್ನದು ಚಿಕ್ಕ ಊರು, ತಾನೂ ಬಿಟ್ಟರೆ ಇನ್ನೂ ಚಿಕ್ಕದಾದೀತು ಅಂತ ಇಲ್ಲೇ ಉಳಿದೆ ಎಂದು ಬರೆದಿದ್ದಾನೆ. ಯುದ್ಧದ ವೇಳೆ ಅಲೆಕ್ಸಾಂಡರ್ ಡೇರೆ ಹಾಕಿದ್ದ ಓಕ್ ಮರವನ್ನು ನದಿ ದಡದಲ್ಲಿ ಜನ ತೋರಿಸುತ್ತಿದ್ದರಂತೆ, ಅವನ ಕಾಲದಲ್ಲೂ, ಅಂದರೆ ಯುದ್ಧವಾಗಿ 400 ವರ್ಷ ಕಳೆದ ಮೇಲೂ!

ಊಟಕ್ಕೆ ಲಿವಾಡಿಯಾಕ್ಕೇ ವಾಪಸ್ ಬನ್ನಿ. ಮಾಂಸ ತಿನ್ನುವವರಿಗೆ ಇಲ್ಲಿಯ ಸುವ್ಲಾಕಿ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ಹೆಸರುವಾಸಿ. ನಮ್ಮ ಹಾಗೆ ಸಸ್ಯಾಹಾರಿಗಳಾದರೆ ಚೀಸ್ ತುಂಬಿದ ತಿರೋಪಿತಾ ಕೇಳಿ. ಕ್ರಿಯಾ ಬುಗ್ಗೆಗಳ ಹತ್ತಿರ ಮರದ ನೆರಳಲ್ಲಿ ಕೂತು ತಿಂದೆವು. ನೀರಿನ ತಂಪು ಅಲ್ಲಿವರೆಗೂ ಬರುತ್ತಿತ್ತು.