ನೆಲದಿಂದ ನಾಲ್ಕಡಿ: ಕಡಿಮೆ ಖರ್ಚಿನಲ್ಲಿ ಮಕ್ಕಳ ಕೋಣೆ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗಳ ಒಳಾಂಗಣ ಕೆಲಸ ಮಾಡಿಸುವ ನನ್ನ ಬಳಿಗೆ ಮಕ್ಕಳ ಕೋಣೆಯ ಕೆಲಸ ಹೆಚ್ಚಾಗಿ ಬರುವುದು ಹದಿನೈದು-ಇಪ್ಪತ್ತು ಸಾವಿರ ರೂಪಾಯಿಯೊಳಗೆ ಮುಗಿಸಿಕೊಡಬೇಕೆಂಬ ಷರತ್ತಿನೊಂದಿಗೆ. ಅಷ್ಟು ಹಣದಲ್ಲಿ ಚೆಂದದ ಕೋಣೆ ಖಂಡಿತ ಆಗುತ್ತದೆ. ಆದರೆ ತಂದೆ-ತಾಯಿ ಫೋನಿನಲ್ಲಿ ತೆಗೆದು ತೋರಿಸುವ ಚಿತ್ರದಂಥ ಕೋಣೆ ಆಗುವುದಿಲ್ಲ. ಆ ಚಿತ್ರಗಳಲ್ಲಿ ಪಿಒಪಿ ಸೀಲಿಂಗ್, ಅದರೊಳಗೆ ಅಡಗಿಸಿದ ನೀಲಿ ದೀಪದ ಸಾಲು, ಗೋಡೆಯ ನೆತ್ತಿಯಲ್ಲಿ ಕಾರ್ಟೂನು ಇರುತ್ತವೆ, ಅಂದರೆ ದುಡ್ಡೆಲ್ಲ ದೊಡ್ಡವರ ಕಣ್ಣಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಖರ್ಚಾಗಿರುತ್ತದೆ. ಐದಾರು ವರ್ಷದ ಮಗುವಿನ ಎತ್ತರ ಮೂರೂವರೆ ಅಡಿಯ ಆಸುಪಾಸು. ಅದು ಗೀಚುವುದು, ಒರಗುವುದು, ಒದೆಯುವುದು, ಅಂಟಿಸುವುದು, ಕಿತ್ತುಹಾಕುವುದು ಎಲ್ಲವೂ ನೆಲದಿಂದ ನಾಲ್ಕಡಿಯೊಳಗೇ. ಹಣ ಕಡಿಮೆ ಇದ್ದಷ್ಟೂ ಅದು ಆ ನಾಲ್ಕಡಿಯಲ್ಲೇ ಖರ್ಚಾಗಬೇಕು ಎಂಬುದನ್ನು ಈ ಕೆಲಸವೇ ನನಗೆ ಕಲಿಸಿದೆ.

ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳಿದವಳು ಒಂದು ಬಾಡಿಗೆ ಮನೆಯ ಪುಟ್ಟ ಹುಡುಗಿ. ಅವಳ ತಾಯಿ ಕೊಂಡು ತಂದಿದ್ದ ಚಿಟ್ಟೆಗಳ ಸ್ಟಿಕರನ್ನು ಮಂಚದ ಮೇಲ್ಭಾಗದಲ್ಲಿ ಎಲ್ಲಿ ಹಚ್ಚಬೇಕೆಂದು ನಾವು ಅಳತೆ ಮಾಡುತ್ತಿದ್ದಾಗ, ಅವಳು ಕೆಳಗಿನಿಂದ ನೋಡಿ, ‘ಅಂಕಲ್, ಅಷ್ಟ್ ಮ್ಯಾಲೆ ಹಚ್ಚಿದ್ರ ನನಗ ಕೈ ಮುಟ್ಟಂಗಿಲ್ಲಲ್ರೀ’ ಎಂದಳು. ಮಕ್ಕಳಿಗೆ ಅಲಂಕಾರ ಬರೀ ನೋಡುವುದಕ್ಕಲ್ಲ, ಮುಟ್ಟುವುದಕ್ಕೂ ಬೇಕು. ತಾಯಿಗೆ ಬೇಸರವಾದರೂ ಚಿಟ್ಟೆಗಳು ಕೆಳಕ್ಕಿಳಿದವು.

ಗೋಡೆಯನ್ನು ಅಡ್ಡಲಾಗಿ ಎರಡು ಭಾಗ ಮಾಡುವುದು ನನ್ನ ಮುಖ್ಯ ಉಪಾಯ. ಮೇಲ್ಭಾಗಕ್ಕೆ ತಿಳಿಬಣ್ಣದ ಅಗ್ಗದ ಡಿಸ್ಟೆಂಪರ್, ಕೆಳಗಿನ ನಾಲ್ಕಡಿಗೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಒಳ್ಳೆಯ ಎಮಲ್ಷನ್. ಹತ್ತಡಿಗೆ ಹತ್ತಡಿಯ ಕೋಣೆಯ ಸುತ್ತಳತೆ ನಲವತ್ತು ಅಡಿ. ನಾಲ್ಕಡಿ ಎತ್ತರಕ್ಕೆ 160 ಚದರಡಿಯಾಗುತ್ತದೆ. ಬಾಗಿಲನ್ನೂ ಗೋಡೆ ಕಪಾಟನ್ನೂ ಕಳೆದರೆ ಸುಮಾರು 130 ಉಳಿಯುತ್ತದೆ. ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಪದರು, ಹೊಡೆದ ನುಣುಪು ಗೋಡೆಯಲ್ಲಿ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ನೂರು ಚದರಡಿಯಷ್ಟಾದರೂ ಬರುವುದರಿಂದ, ಎರಡು ಕೋಟ್‌ಗೆ ಮೂರು ಲೀಟರ್ ಸಾಕು. ಇಡೀ ಕೋಣೆಗೆ ದುಬಾರಿ ಬಣ್ಣ ಬಳಿಯುವುದಕ್ಕೂ ಇದಕ್ಕೂ ಖರ್ಚಿನಲ್ಲಿ ದೊಡ್ಡ ಅಂತರವಿದೆ. ಇದೇನು ನಾನು ಕಂಡುಹಿಡಿದ ಹೊಸ ಬುದ್ಧಿಯಲ್ಲ. ಹಳ್ಳಿಯ ಮನೆಗಳಲ್ಲಿ ಮೇಲೆ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದದ್ದೂ, ಸರ್ಕಾರಿ ಶಾಲೆಗಳಲ್ಲಿ ಕೆಳಭಾಗಕ್ಕೆ ಗಾಢ ಬಣ್ಣದ ಆಯಿಲ್ ಪೇಂಟ್ ಹೊಡೆಯುವುದೂ, ಕೊಳೆಯಾಗುವ ಜಾಗ ಯಾವುದೆಂದು ತಿಳಿದೇ ಮಾಡಿದ ಕೆಲಸ.

ಆದರೆ ಆ ಎರಡು ಬಣ್ಣ ಕೂಡುವ ಗೆರೆ ಸೊಟ್ಟಗಾದರೆ ಎಷ್ಟು ಒಳ್ಳೆಯ ಬಣ್ಣವೂ ಕಳಪೆಯಾಗಿ ಕಾಣುತ್ತದೆ. ನಮ್ಮ ಮನೆಗಳ ನೆಲ ಹೆಚ್ಚಾಗಿ ಒಂದು ಬದಿಗೆ ಸ್ವಲ್ಪ ಇಳಿಜಾರಾಗಿರುವುದರಿಂದ, ನೆಲದಿಂದ ಟೇಪು ಹಿಡಿದು ನಾಲ್ಕೂ ಮೂಲೆಯಲ್ಲಿ ನಾಲ್ಕಡಿ ಗುರುತು ಮಾಡಿದರೆ ಗೆರೆಯೂ ನೆಲದೊಂದಿಗೆ ವಾಲುತ್ತದೆ. ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ಒಂದು ಮೂಲೆಯ ಗುರುತನ್ನು ಉಳಿದ ಮೂಲೆಗಳಿಗೆ ಒಯ್ದು, ನಡುವೆ ಬಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು ಎಳೆದು ಬಿಡಬೇಕು. ಆ ಗೆರೆಗೆ ಸರಿಯಾಗಿ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಕೆಳ ಅಂಚಿನ ಮೇಲೆ ಮೊದಲು ಮೇಲ್ಭಾಗದ ಬಣ್ಣವನ್ನೇ ತೆಳ್ಳಗೆ ಸವರಿ ಒಣಗಲು ಬಿಡುತ್ತೇವೆ. ಟೇಪಿನ ಅಡಿಗೆ ನುಸುಳುವುದೇನಿದ್ದರೂ ಆ ಬಣ್ಣವೇ ನುಸುಳಿ ಸಂದುಗಳು ಮುಚ್ಚಿಹೋಗುತ್ತವೆ. ಅನಂತರ ಹೊಡೆದ ಗಾಢ ಬಣ್ಣ ಒಳಗೆ ಹರಿಯುವುದಿಲ್ಲ. ಕೊನೆಯ ಕೋಟ್ ಪೂರ್ತಿ ಒಣಗುವ ಮೊದಲೇ ಟೇಪನ್ನು ಓರೆಯಾಗಿ, ನಿಧಾನವಾಗಿ ಎಳೆದರೆ ಅಂಚು ಕತ್ತರಿಸಿಟ್ಟ ಹಾಗೆ ನೇರವಾಗಿರುತ್ತದೆ.

ಬಣ್ಣಕ್ಕಿಂತ ಮೊದಲು ನೋಡಬೇಕಾದವು ಬೇರೆ ಇವೆ. ಹಳೆಯ ಗೋಡೆಯನ್ನು ಅಂಗೈಯಿಂದ ಉಜ್ಜಿದಾಗ ಕೈಗೆ ಬಿಳಿ ಪುಡಿ ಹತ್ತಿದರೆ, ಅದನ್ನು ಕೆರೆದು ತೆಗೆದು ಪ್ರೈಮರ್ ಹೊಡೆಯದೆ ಎಮಲ್ಷನ್ ಹಚ್ಚಬಾರದು. ಹಚ್ಚಿದರೆ ಪದರು ಪದರಾಗಿ ಏಳುತ್ತದೆ, ಮಕ್ಕಳು ಅದನ್ನು ಸುಲಿಯುತ್ತಲೇ ಕೂರುತ್ತಾರೆ. ಧಾರವಾಡದ ಮಳೆಗೆ ಪಡುವಣ ಗೋಡೆ ಹಸಿ ಹಿಡಿದಿದ್ದರೆ, ಹೊರಗಿನ ಬಿರುಕು ಮುಚ್ಚುವುದಕ್ಕೇ ಮೊದಲ ಹಣ ಹೋಗಬೇಕು. ಹಳೆಯ ಮನೆಗಳ ಕಿಟಕಿ, ಗ್ರಿಲ್ ಮತ್ತು ಬಾಗಿಲಿನ ಎನಾಮೆಲ್ ಬಣ್ಣದ ವಿಷಯದಲ್ಲಂತೂ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ 2016ರ ಕೇಂದ್ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚೇ ಇರಬಹುದು, ಮತ್ತು ಸೀಸ ಮಕ್ಕಳ ಮಿದುಳಿಗೆ ಕೆಡುಕು. ಅಂಥದನ್ನು ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿ ವಾಟರ್ ಪೇಪರಿನಿಂದ (ಒದ್ದೆಯಲ್ಲಿ ಬಳಸುವ ಉಜ್ಜುಕಾಗದ) ತಿಕ್ಕಿಸುತ್ತೇನೆ; ಆ ದಿನ ಮಕ್ಕಳು ಅಜ್ಜಿಯ ಮನೆಯಲ್ಲಿರಬೇಕು. ಸೆಕೆಂಡ್ ಹ್ಯಾಂಡ್ ತೊಟ್ಟಿಲು, ಮಂಚಗಳಿಗೂ ಇದೇ ಮಾತು.

ಬಟ್ಟೆಯ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಐದೂವರೆ ಮೀಟರಿನ ಹಳೆಯ ನೂಲಿನ ಸೀರೆಯಿಂದ ಒಂದೂವರೆ ಮೀಟರಿನ ಎರಡು ತುಂಡು ಕತ್ತರಿಸಿದರೆ ನಾಲ್ಕಡಿ ಅಗಲದ ಕಿಟಕಿಗೆ ನೆರಿಗೆ ಬೀಳುವಷ್ಟು ಪರದೆಯಾಗುತ್ತದೆ. ಅಂಚಿಗೆ ಗುಳೇದಗುಡ್ಡದ ಖಣದ ಪಟ್ಟಿ ಹೊಲಿಸಿದರೆ ಅಂಗಡಿಯ ಪರದೆಗೆ ಇಲ್ಲದ ಕಳೆ ಬರುತ್ತದೆ. ಮಂಚಕ್ಕೆ ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ ಹಾಸಿ ಎಂದರೆ ಮೊದಮೊದಲು ಕೆಲವರು ಮುಖ ಸಿಂಡರಿಸುತ್ತಾರೆ, ಅದು ಹಳ್ಳಿಯದ್ದು ಎಂದು. ಆದರೆ ಅಜ್ಜಿಯ ಇಳಕಲ್ ಸೀರೆ, ಅಪ್ಪನ ಪಂಚೆ, ತಮ್ಮ ಚಿಕ್ಕಂದಿನ ಅಂಗಿ ಯಾವ ತುಂಡಿನಲ್ಲಿವೆ ಎಂದು ಮಕ್ಕಳು ಬೆರಳಿಟ್ಟು ತೋರಿಸುವುದನ್ನು ಕಂಡವರು ಮತ್ತೆ ಆ ಮಾತಾಡುವುದಿಲ್ಲ.

ಆಟಿಕೆಗಳಿಗೆ ಮುಚ್ಚಳವಿರುವ ದೊಡ್ಡ ಪೆಟ್ಟಿಗೆ ಮಾಡಿಸಬೇಡಿ; ಅಡಿಯಲ್ಲಿರುವ ಒಂದಕ್ಕಾಗಿ ಎಲ್ಲವೂ ನೆಲಕ್ಕೆ ಸುರಿಯುತ್ತವೆ. ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟುಗಳನ್ನು ತೊಳೆದು ಅಡ್ಡಲಾಗಿ ಇಟ್ಟು, ಒಂದಕ್ಕೊಂದು ಬಿಗಿದು, ಎರಡೇ ಸಾಲಿಗೆ ನಿಲ್ಲಿಸಿದರೆ ಮಗು ತಾನೇ ತೆಗೆದು ತಾನೇ ಇಡುತ್ತದೆ. ಶಾಲೆಯ ಚೀಲ ಮತ್ತು ಸಮವಸ್ತ್ರಕ್ಕೆ ಮೂರಡಿ ಎತ್ತರದಲ್ಲಿ ಒಂದು ಹಲಗೆ ಹೊಡೆದು ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗುಬುಟುಗಳನ್ನು ಕೂರಿಸುತ್ತೇನೆ. ಇಡೀ ಕೋಣೆಯಲ್ಲಿ ನಾನು ಸ್ವಲ್ಪ ಕೈ ಬಿಚ್ಚಿ ಖರ್ಚು ಮಾಡಿಸುವ ಅಲಂಕಾರ ಇದೊಂದೇ. ಎತ್ತರದ ಬೀರು ಇದ್ದರೆ ಗೋಡೆಗೆ ಕ್ಲ್ಯಾಂಪು ಹಾಕಿ ಬಿಗಿಸುವುದಂತೂ ಕಡ್ಡಾಯ, ಏಕೆಂದರೆ ಮಕ್ಕಳು ಅದರ ಖಾನೆಗಳನ್ನು ಮೆಟ್ಟಿಲು ಮಾಡಿಕೊಳ್ಳುತ್ತಾರೆ.

ಕಾರಿನ ಆಕಾರದ ಮಂಚ ಬೇಡವೆನ್ನುತ್ತೇನೆ: ನಾಲ್ಕು ವರ್ಷದಲ್ಲಿ ಮಗುವಿಗೆ ಅದು ನಾಚಿಕೆಯ ವಸ್ತುವಾಗುತ್ತದೆ. ಆರಡಿಗೆ ಮೂರಡಿಯ ಸಾದಾ ದಿವಾನ್ ಕಾಲೇಜಿನವರೆಗೂ ಬರುತ್ತದೆ.

ಕೆಲಸ ಮುಗಿದ ಮೇಲೆ ಉಳಿದ ಎಮಲ್ಷನ್ನನ್ನು ಗಾಳಿಯಾಡದ ಡಬ್ಬಿಗೆ ತುಂಬಿ, ಶೇಡ್ ನಂಬರನ್ನು ಡಬ್ಬಿಯ ಮೇಲೂ ಕಪಾಟಿನ ಬಾಗಿಲಿನ ಒಳಬದಿಗೂ ಬರೆದುಕೊಟ್ಟು ಬರುತ್ತೇನೆ. ಕ್ರೇಯಾನಿನ ಗೀಟು ಬಟ್ಟೆಗೆ ಹೋಗದಿದ್ದಲ್ಲಿ, ಚಿಟ್ಟೆಯ ಸ್ಟಿಕರ್ ಕಿತ್ತು ಬಣ್ಣ ಎದ್ದಲ್ಲಿ, ಮನೆಯವರೇ ಸಣ್ಣ ಬ್ರಷ್ ಹಿಡಿದು ತೇಪೆ ಹಾಕಿಕೊಳ್ಳಬಹುದು. ಅದಕ್ಕೆ ನನ್ನನ್ನು ಕರೆಯಬೇಕಾಗಿಲ್ಲ.