ಕಾಲೇಜ್ ಸ್ಟ್ರೀಟಿನಲ್ಲಿ ಹದಿನಾರು ಪುಟ

ಕೋಲ್ಕತ್ತಾದಲ್ಲಿ ನಾವು ಇದ್ದದ್ದು ಆರು ದಿನ. ಅದರಲ್ಲಿ ಹೆಚ್ಚುಕಮ್ಮಿ ನಾಲ್ಕು ದಿನ ನಾನು ಒಂದೇ ರಸ್ತೆಯಲ್ಲಿ ಕಳೆದೆ. ತಂಗಿ ವಿಕ್ಟೋರಿಯಾ ಮೆಮೋರಿಯಲ್, ದಕ್ಷಿಣೇಶ್ವರ, ಬೇಲೂರು ಮಠ ಎಲ್ಲ ನೋಡಿಕೊಂಡು ಬಂದಳು. ರಾತ್ರಿ ರೂಮಿನಲ್ಲಿ ಫೋಟೋ ತೋರಿಸಿದಳು. ಅವುಗಳ ಬಗ್ಗೆ ಅವಳೇ ಬರೆಯಲಿ.

ನನಗೆ ಕಾಲೇಜ್ ಸ್ಟ್ರೀಟ್ ನೋಡಬೇಕೆಂಬ ಆಸೆ ಹುಟ್ಟಿದ್ದು ಅಜ್ಜಿಯಿಂದ. ಅಜ್ಜಿ ಬಂಕಿಮಚಂದ್ರರನ್ನು ಬಿ. ವೆಂಕಟಾಚಾರ್ಯರ ಕನ್ನಡದಲ್ಲಿ ಓದಿದವಳು. ಶರಚ್ಚಂದ್ರರನ್ನೂ ಕನ್ನಡದಲ್ಲೇ ಓದಿದ್ದಳು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ನಡುಮನೆಯಲ್ಲಿ ಕಾಲು ಚಾಚಿಕೊಂಡು ಕೂತರೆ ಅವಳು ಬಂಗಾಳದ ಯಾವುದೋ ಹಳ್ಳಿಯಲ್ಲಿರುತ್ತಿದ್ದಳು. ಆ ಬಂಕಿಮರು 1858ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಮೊದಲ ಇಬ್ಬರು ಪದವೀಧರರಲ್ಲಿ ಒಬ್ಬರು. ವಿಶ್ವವಿದ್ಯಾಲಯ ಇರುವುದು ಇದೇ ರಸ್ತೆಯಲ್ಲಿ. ಪಕ್ಕದಲ್ಲೇ ಪ್ರೆಸಿಡೆನ್ಸಿ, 1817ರಲ್ಲಿ ಹಿಂದೂ ಕಾಲೇಜು ಅಂತ ಶುರುವಾದದ್ದು. ಅದರ ಕಬ್ಬಿಣದ ಕಂಬಿಗಳಿಗೆ ಬೆನ್ನು ಕೊಟ್ಟು ಪುಸ್ತಕದ ಗೂಡಂಗಡಿಗಳು ಸಾಲಾಗಿ ನಿಂತಿವೆ. ಮರದ ಹಲಗೆ, ಬಿದಿರು, ಮೇಲೆ ತಗಡು, ಅಷ್ಟೆ. ಊರಿನವರು ಈ ಜಾಗಕ್ಕೆ 'ಬೋಯಿ ಪಾಡಾ' ಅನ್ನುತ್ತಾರೆ. ಬೋಯಿ ಅಂದರೆ ಪುಸ್ತಕ, ಪಾಡಾ ಅಂದರೆ ಕೇರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಹೋಗಬೇಡಿ. ನಾವು ಬಂದ ಮಾರನೇ ದಿನವೇ ಭಾನುವಾರ. ಮಹಾತ್ಮ ಗಾಂಧಿ ರೋಡ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಓಡೋಡಿ ಹೋದರೆ ಉದ್ದಕ್ಕೂ ಹಸಿರು ಬಣ್ಣದ ಮುಚ್ಚಿದ ಹಲಗೆಗಳು. ಎಲ್ಲೋ ಒಂದೆರಡು ಅಂಗಡಿ ಬಿಟ್ಟರೆ ಎಲ್ಲ ಬಂದ್. ಆರು ದಿನದಲ್ಲಿ ಒಂದು ಹಾಗೆ ಹೋಯಿತು. ಕಾಫಿ ಹೌಸ್ ತೆರೆದಿತ್ತು. ಹಳೆಯ ಆಲ್ಬರ್ಟ್ ಹಾಲ್, ಎತ್ತರದ ಛಾವಣಿ, ಉದ್ದ ಕೊಳವೆಯ ಫ್ಯಾನುಗಳು, ಗಲಗಲ ಮಾತು. ಕಟ್ಟಡಕ್ಕೆ ಮನಸೋತೆ. ಕಾಫಿಗೆ ಸೋಲಲಿಲ್ಲ. 'ಇನ್‌ಫ್ಯೂಷನ್' ಅಂತ ಕೊಡುವ ಆ ಕಪ್ಪು ನೀರು ನಮ್ಮ ಫಿಲ್ಟರ್ ಕಾಫಿಯ ಹತ್ತಿರಕ್ಕೂ ಬರುವುದಿಲ್ಲ. ಕಾಲೇಜ್ ಸ್ಕ್ವೇರ್ ಹತ್ತಿರ 1918ರಿಂದ ಇರುವ ಪ್ಯಾರಾಮೌಂಟ್‌ನಲ್ಲಿ ಎಳನೀರಿನ ಶರಬತ್ತು ಕುಡಿಯಿರಿ. ಅದು ಅಮೃತ.

ಸೋಮವಾರ ಒಂದು ಗೂಡಂಗಡಿಯಲ್ಲಿ ಬಂಗಾಳಿ ಕಥೆಗಳ ಹಳೆಯ ಇಂಗ್ಲಿಷ್ ಅನುವಾದ ಸಿಕ್ಕಿತು. ಚೌಕಾಸಿ ಮಾಡದೆ ಕೊಂಡೆ. ರಾತ್ರಿ ಓದುತ್ತಿದ್ದೇನೆ. 96ನೇ ಪುಟದಲ್ಲಿ ಒಬ್ಬಳು ಹೆಂಗಸು, ಕಂಕುಳಲ್ಲಿ ಮಗು, ನದಿ ದಡದಲ್ಲಿ ದೋಣಿಗೆ ಕಾಯುತ್ತಿದ್ದಾಳೆ. ಕತ್ತಲಾಗುತ್ತಿದೆ. ಎದುರು ಪುಟ ನೋಡಿದರೆ 113. ಅಲ್ಲಿ ಬೇರೆ ಕಥೆ, ಬೇರೆ ಜನ. ನಡುವಿನ ಹದಿನಾರು ಪುಟ ಇಲ್ಲವೇ ಇಲ್ಲ.

ಬೆಳಿಗ್ಗೆ ತೆಗೆದುಕೊಂಡು ಹೋದೆ. ಮಾರಿದವನು ಪುಸ್ತಕವನ್ನು ಕೈಗೂ ತೆಗೆದುಕೊಳ್ಳಲಿಲ್ಲ. ನೋಡಿ ಕೊಳ್ಳಬೇಕಿತ್ತು, ಅಂದ. ನನ್ನ ದನಿ ಸ್ವಲ್ಪ ಏರಿತು. ಆಗ ಪಕ್ಕದ ಅಂಗಡಿಯಿಂದ ಒಬ್ಬರು, "ಬೋಶುನ್, ದೀದಿ, ಬೋಶುನ್" ಅಂದರು. ಕೂತ್ಕೊಳ್ಳಿ ಅಂತ. ಅರವತ್ತರ ಆಸುಪಾಸು. ತೋಳಿಲ್ಲದ ಸ್ವೆಟರ್, ಹೆಗಲ ಮೇಲೆ ಧೂಳು ಒರೆಸುವ ಕೆಂಪು ಗಾಮ್ಛಾ. ಒಂದು ಮೋಡಾ, ಅಂದರೆ ಬೆತ್ತದ ಪುಟ್ಟ ಪೀಠ, ಎಳೆದು ಕೊಟ್ಟರು. ನಾನು ಅವರನ್ನು ದಾದಾ ಅಂತಲೇ ಕರೆದೆ. ಆ ರಸ್ತೆಯಲ್ಲಿ ಎಲ್ಲರೂ ಹಾಗೇ ಕರೆಯುವುದು.

ದಾದಾ ನನ್ನ ಪುಸ್ತಕ ತೆಗೆದುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ, ತೆರೆಯದೆ, ಬೆನ್ನಿನ ಮೇಲ್ತುದಿಯನ್ನು ನೋಡಿದರು. "ಒಂದು ಫರ್ಮಾ ಬಿದ್ದಿದೆ" ಅಂದರು. ನಮ್ಮ ಪ್ರೆಸ್ಸಿನವರು ಫಾರಂ ಅನ್ನುತ್ತಾರಲ್ಲ, ಅದೇ. ದೊಡ್ಡ ಹಾಳೆಯನ್ನು ಮಡಿಸಿ ಹದಿನಾರು ಪುಟ ಮಾಡುತ್ತಾರೆ. ಅಂಥ ಮಡಿಕೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಬೆನ್ನಿನ ತುದಿಯಲ್ಲಿ ನೋಡಿದರೆ ಒಂದೊಂದು ಮಡಿಕೆಯೂ ಪುಟ್ಟ ಕಮಾನಿನ ಹಾಗೆ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಆರು ಕಮಾನು ಆದಮೇಲೆ ಕೂದಲೆಳೆಯಷ್ಟು ಸಂದು. ಅಂದಿನಿಂದ ನಾನು ಹಳೆ ಪುಸ್ತಕ ಕೊಳ್ಳುವಾಗ 17, 33, 49, 65, 81, 97 ಹೀಗೆ ಹದಿನಾರರ ಲೆಕ್ಕದಲ್ಲಿ ಪುಟ ತಿರುವಿ ನೋಡುತ್ತೇನೆ. ಅರ್ಧ ನಿಮಿಷದ ಕೆಲಸ. ನೀವೂ ಮಾಡಿ.

ಹೊರಡಬೇಕು ಅಂದುಕೊಂಡವಳು ಹೊರಡಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ಚಹಾ ಬಂತು. ಗಿರಾಕಿಗಳೂ ಬಂದರು. ಅಂಗಡಿ ಆರಡಿ ಅಗಲವೂ ಇಲ್ಲ. ಒಳಗೆ ಪುಸ್ತಕ ತುಂಬಿರುವುದರಿಂದ ದಾದಾ ನಿಲ್ಲುವುದು ಫುಟ್‌ಪಾತಿನಲ್ಲೇ. ಒಬ್ಬ ಹುಡುಗ ಸೈಕಲ್ ಮೇಲಿಂದಲೇ ಏನೋ ಒಂದು ಹೆಸರು ಕೂಗಿದ. ದಾದಾ ತಿರುಗದೆ "ಆಚ್ಛೇ" ಅಂದರು. ಇದೆ ಅಂತ. ಎದೆಯೆತ್ತರದ ಕಟ್ಟಿನ ಮೇಲೆ ಎಡಗೈ ಒತ್ತಿ, ಬಲಗೈಯಲ್ಲಿ ಕೆಳಗಿನಿಂದ ನಾಲ್ಕನೆಯದನ್ನು ಸರಕ್ಕನೆ ಎಳೆದರು. ಕಟ್ಟು ಒಂದು ಬೆರಳಷ್ಟು ಕೂತಿತು, ಬೀಳಲಿಲ್ಲ. ಪಕ್ಕದವರು ಕೇಳಿದ್ದಕ್ಕೆ "ನೇಯಿ". ಇಲ್ಲ. ಆದರೆ ಎಲ್ಲಿ ಸಿಗುತ್ತದೆ ಅಂತ ಕೈ ತೋರಿಸಿ ಕಳಿಸಿದರು. ಹಳೆಯ ಪಠ್ಯ ಮಾರಲು ಬಂದವರ ಜೊತೆ ಬೆಲೆ ಮಾತಾಡುತ್ತಲೇ ಬಂದ ಪುಸ್ತಕದ ಧೂಳು ಒರೆಸುತ್ತಿದ್ದರು. ಸುಮ್ನೆ ನಿಂತದ್ದನ್ನು ನಾನು ನೋಡಲೇ ಇಲ್ಲ.

"ದಾದಾ, ಇಷ್ಟರಲ್ಲಿ ನೀವು ಓದೋದು ಯಾವಾಗ?" ಅಂದೆ. ಮಾತು ನಡೆದದ್ದು ಹಿಂದಿಯಲ್ಲಿ. ನನ್ನದರಲ್ಲಿ ಕನ್ನಡದ ವಾಸನೆ, ಅವರದರಲ್ಲಿ ಬಂಗಾಳಿಯದು.

"ರಾತ್ರಿ ಲೋಕಲ್‌ನಲ್ಲಿ" ಅಂದರು. ಅವರ ಮನೆ ಬಾರಾಸಾತ್. ಬೆಳಿಗ್ಗೆ ಬರುವಾಗ ರೈಲಿನಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ. ರಾತ್ರಿ ಎಂಟಕ್ಕೆ ಹಲಗೆ ಹಾಕಿ ಸಿಯಾಲ್ದಾಕ್ಕೆ ನಡೆದು ಹೋಗುತ್ತಾರೆ. ಗಾಡಿ ಅಲ್ಲಿಂದಲೇ ಹೊರಡುವುದರಿಂದ ಸೀಟು ಸಿಗುತ್ತದೆ. ಅದೇ ಡಬ್ಬಿಯಲ್ಲಿ ದಿನಾ ಬರುವವರು ಮಡಿಲ ಮೇಲೆ ಚೀಲ ಹಾಸಿ 'ಟ್ವೆಂಟಿನೈನ್' ಇಸ್ಪೀಟು ಆಡುತ್ತಾರೆ. ಇವರು ಕಿಟಕಿ ಪಕ್ಕ ಓದುತ್ತಾರೆ. ಮುಕ್ಕಾಲು ಗಂಟೆ.

ಅವರು ಓದುವುದೇನು ಅನ್ನುವುದು ಇನ್ನೂ ಸ್ವಾರಸ್ಯ. ಶಾಲೆ ಬಿಟ್ಟು ಮಾವನ ಜೊತೆ ಅಂಗಡಿಗೆ ಬಂದವರು. ಇಂಗ್ಲಿಷ್ ಬರುತ್ತಿರಲಿಲ್ಲ. ಮಾರಲು ಬರುವ ಪಠ್ಯಗಳಲ್ಲಿ ಮಕ್ಕಳು ಕಷ್ಟದ ಪದಗಳ ಮೇಲೆ ಪೆನ್ಸಿಲಿನಲ್ಲಿ ಬಂಗಾಳಿ ಅರ್ಥ ಬರೆದಿರುತ್ತಾರೆ. ಅಂಥ ಪ್ರತಿ ಹುಡುಕಿ ಮನೆಗೊಯ್ದು ಓದಿ ಓದಿ ಇಂಗ್ಲಿಷ್ ಕಲಿತರಂತೆ. "ನಿಮ್ಮ ಕರ್ನಾಟಕದವರ ನಾಟಕವನ್ನೂ ಹಾಗೇ ಓದಿದೆ" ಅಂದರು. ಗಿರೀಶ ಕಾರ್ನಾಡರ 'ತುಘಲಕ್'! ಇಂಗ್ಲಿಷ್ ಎಂ.ಎ. ಮಾಡುವವರು ಕೇಳಿಕೊಂಡು ಬರುತ್ತಲೇ ಇರುತ್ತಾರಂತೆ. ಕಟ್ಟಿನಿಂದ ಒಂದು ಪ್ರತಿ ಎಳೆದು ತೋರಿಸಿದರು. ಯಾವುದೋ ಹುಡುಗಿಯ ದುಂಡನೆಯ ಅಕ್ಷರ, ಸಾಲಿನ ಮೇಲೆ ಸಾಲು ಬಂಗಾಳಿ. ಧಾರವಾಡದವರ ನಾಟಕ ಹೀಗೆ ಸಿಯಾಲ್ದಾದ ಲೋಕಲ್ ಹತ್ತಿದ್ದು ಕೇಳಿ ನನಗೆ ಗಂಟಲು ಕಟ್ಟಿತು.

ಅಂಫಾನ್ ಚಂಡಮಾರುತದ ವಿಷಯ ನಾನಾಗಿ ಕೇಳಲಿಲ್ಲ. ಒಂದು ಪುಸ್ತಕದ ಅಂಚು ಅಲೆಅಲೆಯಾಗಿ ಉಬ್ಬಿತ್ತು. ಅದನ್ನು ಸವರುತ್ತಾ ಅವರೇ ಹೇಳಿದರು. 2020ರ ಮೇ 20. ಲಾಕ್‌ಡೌನ್, ಲೋಕಲ್ ರೈಲು ನಿಂತು ಎರಡು ತಿಂಗಳಾಗಿತ್ತು. ಚಂಡಮಾರುತ ಹೋದ ಮೂರನೇ ದಿನ ಬಾರಾಸಾತ್‌ನಿಂದ ಸೈಕಲ್ ತುಳಿದು ಬಂದರಂತೆ. ಅಷ್ಟರಲ್ಲಿ ರಸ್ತೆಯ ನೀರು ಇಳಿದಿತ್ತು. ಬೀಗ ತೆಗೆದರು. ಹಲಗೆ ಬರಲಿಲ್ಲ. ನೀರು ಕುಡಿದ ಪುಸ್ತಕಗಳು ಊದಿಕೊಂಡು ಒಂದನ್ನೊಂದು ಒತ್ತಿ, ಒಳಗಿನಿಂದ ಬಾಗಿಲನ್ನು ಬಿಗಿಹಿಡಿದಿದ್ದವು. ಕಬ್ಬಿಣದ ಸಲಾಕೆ ತಂದು ಮೀಟಬೇಕಾಯಿತು. ಒಂದು ಪುಸ್ತಕ ಎಳೆದರೆ ರಟ್ಟು ಮಾತ್ರ ಕೈಗೆ ಬರುತ್ತಿತ್ತು. "ಒಣಗಿಸಿದೆವು, ದೀದಿ. ಹಪ್ಪಳದ ಹಾಗೆ ರಸ್ತೆ ತುಂಬ ಹರಡಿ ಒಣಗಿಸಿದೆವು." ಎಷ್ಟು ಉಳಿಯಿತು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಮಾತು ಮತ್ತೆ ನನ್ನ ಪುಸ್ತಕಕ್ಕೆ ಬಂತು. ಫರ್ಮಾ ಬಿದ್ದ ಪುಸ್ತಕವನ್ನು ಅವರು ಮಾರುವುದಿಲ್ಲ. ರದ್ದಿಗೂ ಹಾಕುವುದಿಲ್ಲ. ಮನೆಯಲ್ಲಿ ಅದಕ್ಕೇ ಒಂದು ಗೂಡು ಇಟ್ಟಿದ್ದಾರೆ. 'ಖೋಡಾ ಬೋಯಿ' ಅನ್ನುತ್ತಾರೆ, ಕುಂಟ ಪುಸ್ತಕಗಳು. ತಾನು ಜಾಸ್ತಿ ಓದಿರುವುದು ಅವನ್ನೇ ಅಂದರು. ಒಂದು ಕಾದಂಬರಿಗೆ ಕೊನೆಯ ಫರ್ಮಾ ಇರಲಿಲ್ಲವಂತೆ. ಒಂಬತ್ತು ವರ್ಷ ಆದಮೇಲೆ ಅದರ ಪೂರ್ತಿ ಪ್ರತಿ ಅಂಗಡಿಗೆ ಬಂತು. ಬಂದ ದಿನವೇ ಗಿರಾಕಿಯೂ ಬಂದರು. "ಸ್ವಲ್ಪ ನಿಲ್ಲಿ ಅಂದೆ. ಅವರು ಚಹಾ ಕುಡಿದರು. ನಾನು ಹದಿನಾರು ಪುಟ ಓದಿ ಪುಸ್ತಕ ಕೊಟ್ಟೆ." ಕೊನೆ ಹೇಗಿತ್ತು ಅಂದೆ. "ನಾನು ಅಂದುಕೊಂಡಿದ್ದೇ ಚೆನ್ನಾಗಿತ್ತು" ಅಂದರು.

ಬುಧವಾರವೂ ಹೋಗಿ ಕೂತೆ. ಗುರುವಾರ ನಮ್ಮ ರೈಲು ರಾತ್ರಿಗೆ. ಮಧ್ಯಾಹ್ನ ಹೇಳಿ ಬರೋಣ ಅಂತ ಹೋದರೆ ದಾದಾ ಮೋಡಾ ಒರೆಸಿ ಇಟ್ಟಿದ್ದರು. ಅದರ ಮೇಲೆ ನಾನು ಕೊಂಡಿದ್ದ ಕಥಾಸಂಕಲನದ್ದೇ ಇನ್ನೊಂದು ಪ್ರತಿ. 97ನೇ ಪುಟಕ್ಕೆ ಟ್ರಾಮಿನ ಹಳೆಯ ಟಿಕೆಟ್ ಸಿಕ್ಕಿಸಿತ್ತು. ಒಳಗಿನ ಗಲ್ಲಿಯ ಸ್ನೇಹಿತರ ಅಂಗಡಿಯಲ್ಲಿ ಹುಡುಕಿ ತಂದಿದ್ದರು. ನಾನು ಪರ್ಸಿಗೆ ಕೈ ಹಾಕಿದೆ.

"ಇಲ್ಲ ದೀದಿ. ಇದನ್ನು ಒಬ್ಬರು ಮೊದಲೇ ಹೇಳಿಟ್ಟಿದ್ದಾರೆ. ಐದು ಗಂಟೆಗೆ ಬರ್ತಾರೆ. ಅಷ್ಟರಲ್ಲಿ ಓದಿಬಿಡಿ."

ಓದಿದೆ. ಮೊಣಕಾಲಿಗೆ ಜನ ತಾಗಿಕೊಂಡು ಹೋಗುತ್ತಿದ್ದರು. ಟೆಸ್ಟ್ ಪೇಪರ್ ಬೇಕು ಅಂತ ಯಾರೋ ನನ್ನನ್ನೇ ಕೇಳಿದರು. ನಾನು ದಾದಾ ಕಡೆ ಕೈ ತೋರಿಸಿ ಮತ್ತೆ ನದಿ ದಡಕ್ಕೆ ಹೋದೆ. 112ನೇ ಪುಟ ಮುಗಿಸಿ ತಲೆ ಎತ್ತಿದಾಗ ದಾದಾ ಯಾವುದೋ ಕಟ್ಟಿಗೆ ಸೆಣಬಿನ ಹುರಿ ಸುತ್ತುತ್ತಿದ್ದರು. ಈ ಕಥೆ ಅವರು ಓದಿರಲಿಲ್ಲ. ಹೇಳಿ, ಅಂದರು. ನನಗೆ ಬಂದ ಹಿಂದಿಯಲ್ಲಿ ಶುರು ಮಾಡಿದೆ. ಆ ಹೆಂಗಸು, ಮಗು, ಕತ್ತಲು, ದೂರದಲ್ಲಿ ಒಂದು ಲಾಟೀನು. ಅಷ್ಟರಲ್ಲಿ ಇಬ್ಬರು ಹುಡುಗರು ಬಂದರು. "ಆಚ್ಛೇ" ಅಂದು ಒಂದು ಎಳೆದು ಕೊಟ್ಟರು, ಚಿಲ್ಲರೆ ಎಣಿಸಿದರು, ಗಾಮ್ಛಾದಲ್ಲಿ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಹ್ಞಾಂ. ಲಾಟೀನು ಹತ್ತಿರ ಬಂತು. ಆಮೇಲೆ?"